ಕೆಟ್ಟಿದ್ದು ಕನ್ವರ್ಟರೋ, ಎಂಜಿನ್ನೋ?

ಸರಕು ಹೇರಿದ ಹಳೆಯ ಪೆಟ್ರೋಲ್ ಅಥವಾ ಸಿಎನ್‌ಜಿ ಪಿಕಪ್ ವಾಹನ ಏರು ರಸ್ತೆಯಲ್ಲಿ ಎಳೆಯದಾಗಿ, ಎಂಜಿನ್ ದೀಪವೂ ಹೊತ್ತಿಕೊಂಡರೆ ಗ್ಯಾರೇಜಿನವರ ಅನುಮಾನ ಕ್ಯಾಟಲಿಟಿಕ್ ಕನ್ವರ್ಟರ್ ಮೇಲೆ ಬೀಳುವುದು ಸಹಜ. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪನವಿರುವ ಈ ಭಾಗ ದುಬಾರಿ. ಆದರೆ ಅದು ತಾನಾಗಿ ಕೆಡುವುದು ಅಪರೂಪ. ಸಾಮಾನ್ಯವಾಗಿ ಕೆಡಿಸುವುದು ಎಂಜಿನ್ನಿನ ದೋಷ. ಅದನ್ನು ಸರಿಪಡಿಸದೆ ಹೊಸ ಕನ್ವರ್ಟರ್ ಹಾಕಿಸಿದರೆ ಅದಕ್ಕೂ ಅದೇ ಗತಿ.

ಹೊಗೆ ಕೊಳವೆಯಲ್ಲಿ ಸೈಲೆನ್ಸರ್‌ಗಿಂತ ಮುಂದೆ, ಎಂಜಿನ್ನಿನ ಕಡೆಗೆ ಇರುವ ಈ ಡಬ್ಬಿಯೊಳಗೆ ಜೇನುಗೂಡಿನಂಥ ಪಿಂಗಾಣಿ ಇರುತ್ತದೆ. ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್‌ಗೆ ಕಾದ ನಂತರ ಅದು ಕಾರ್ಬನ್ ಮಾನಾಕ್ಸೈಡ್, ಉರಿಯದ ಇಂಧನ ಹಾಗೂ ನೈಟ್ರೋಜನ್ ಆಕ್ಸೈಡ್‌ಗಳನ್ನು ಕಡಿಮೆ ಅಪಾಯದ ಅನಿಲಗಳಾಗಿ ಮಾರ್ಪಡಿಸುತ್ತದೆ. ಪ್ಲಗ್ ಅಥವಾ ಕಾಯಿಲ್ ಕೆಟ್ಟು ಎಂಜಿನ್ ಮಿಸ್ ಹೊಡೆಯತೊಡಗಿದರೆ ಉರಿಯದ ಇಂಧನ ಕನ್ವರ್ಟರ್‌ನೊಳಗೇ ಉರಿದು ಪಿಂಗಾಣಿಯನ್ನು ಕರಗಿಸುತ್ತದೆ. ಸವೆದ ಪಿಸ್ಟನ್ ರಿಂಗ್‌ಗಳಿಂದ ಬರುವ ಆಯಿಲ್ ಲೇಪನವನ್ನು ಮುಚ್ಚಿಬಿಡುತ್ತದೆ.

ಕನ್ವರ್ಟರ್ ಕೆಡುವುದು ಎರಡು ಬಗೆಯಲ್ಲಿ. ಇವೆರಡನ್ನೂ ಒಂದೇ ಎಂದು ಭಾವಿಸುವುದರಿಂದಲೇ ಗೊಂದಲ. ಕಟ್ಟಿಕೊಂಡರೆ ಹೊಗೆ ಹೊರಹೋಗದೆ ಪಿಕಪ್ ಕುಸಿಯುತ್ತದೆ. ಲೇಪನ ಸತ್ವ ಕಳೆದುಕೊಂಡರೆ ಗಾಡಿ ಚೆನ್ನಾಗಿಯೇ ಓಡುತ್ತದೆ, ಆದರೆ ಹೊಗೆ ತಪಾಸಣೆಯಲ್ಲಿ ಅನುತ್ತೀರ್ಣವಾಗುತ್ತದೆ. ತಣ್ಣಗಿರುವಾಗ ಡಬ್ಬಿಯನ್ನು ತಟ್ಟಿದರೆ ಗಲಗಲ ಸದ್ದು ಬಂತೆಂದರೆ ಒಳಗಿನ ಪಿಂಗಾಣಿ ಒಡೆದಿದೆ ಎಂದರ್ಥ.

ಕಟ್ಟಿಕೊಂಡಿರುವುದನ್ನು ಪತ್ತೆ ಹಚ್ಚಲು ವ್ಯಾಕ್ಯೂಮ್ ಗೇಜ್ ಸಾಕು. ಸುಸ್ಥಿತಿಯ ಎಂಜಿನ್ ನಿಂತಲ್ಲೇ ಓಡುವಾಗ ಸಮುದ್ರಮಟ್ಟದ ಊರುಗಳಲ್ಲಿ ಸುಮಾರು 17ರಿಂದ 21 ಇಂಚು ತೋರಿಸುತ್ತದೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಇದು ಮೂರು ಇಂಚಿನಷ್ಟು ಕಡಿಮೆ ಇರುತ್ತದೆ. ಮಂಗಳೂರಿನ ಲೆಕ್ಕವನ್ನು ಇಲ್ಲಿ ಹಿಡಿದರೆ ಒಳ್ಳೆಯ ಎಂಜಿನ್ ಕೂಡ ರೋಗಿಯಂತೆ ಕಂಡೀತು. ನಂತರ ಎಂಜಿನ್ ವೇಗವನ್ನು 2,500 ಆರ್‌ಪಿಎಂನಲ್ಲಿ ಸ್ಥಿರವಾಗಿ ಹಿಡಿಯಬೇಕು. ಮುಳ್ಳು ಸ್ಥಿರವಾಗಿ ನಿಲ್ಲದೆ ನಿಧಾನವಾಗಿ ಇಳಿಯುತ್ತ ಹೋದರೆ ಹೊಗೆಯ ದಾರಿ ಕಟ್ಟಿದೆ. ಮುಂದಿನ ಆಕ್ಸಿಜನ್ ಸೆನ್ಸರ್ ಬಿಚ್ಚಿ ಅಲ್ಲಿ ಒತ್ತಡ ಅಳೆದರೆ ಇನ್ನೂ ಖಚಿತ. ಅದೇ ವೇಗದಲ್ಲಿ 3 ಪಿಎಸ್‌ಐ ಮೀರಿದರೆ ಅನುಮಾನಕ್ಕೆ ಕಾರಣವಿದೆ.

ಸತ್ವ ಕಳೆದುಕೊಂಡಿರುವುದನ್ನು ತಿಳಿಯಲು ಸ್ಕ್ಯಾನರ್ ಬೇಕು. ಕನ್ವರ್ಟರ್ ಸರಿಯಿದ್ದರೆ ಹಿಂದಿನ ಆಕ್ಸಿಜನ್ ಸೆನ್ಸರ್‌ನ ವೋಲ್ಟೇಜ್ ಬಹುತೇಕ ಸ್ಥಿರವಾಗಿರುತ್ತದೆ. ಮುಂದಿನದರಂತೆ ಏರಿಳಿಯತೊಡಗಿದರೆ ಕನ್ವರ್ಟರ್ ಸೋತಿದೆ. ಸ್ಕ್ಯಾನರ್ ತೋರಿಸುವ ‘ಪಿ 0420’ ಸಂಕೇತವೊಂದನ್ನೇ ನಂಬಿ ಸಾವಿರಾರು ರೂಪಾಯಿ ಸುರಿಯುವುದು ಸರಿಯಲ್ಲ. ಸೆನ್ಸರ್‌ ಬಳಿ ಹೊಗೆ ಕೊಳವೆ ಸೋರುತ್ತಿದ್ದರೂ ಅದೇ ಸಂಕೇತ ಬರಬಹುದು.

ಖರ್ಚು ಉಳಿಸಲು ಒಳಗಿನ ಪಿಂಗಾಣಿಯನ್ನು ಕುಟ್ಟಿ ತೆಗೆದು ಖಾಲಿ ಡಬ್ಬಿ ಕೂರಿಸುವವರೂ ಇದ್ದಾರೆ. ತಯಾರಕರ ಮೂಲ ವಿನ್ಯಾಸವನ್ನು ಹೀಗೆ ಬದಲಿಸುವುದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್‌ಗೆ ವಿರುದ್ಧ. ಬಿಎಸ್-4 ಪೆಟ್ರೋಲ್ ವಾಹನಕ್ಕೆ ನಿಗದಿಯಾಗಿರುವ ಶೇ 0.3 ಕಾರ್ಬನ್ ಮಾನಾಕ್ಸೈಡ್ ಮಿತಿಯೊಳಗೆ ಖಾಲಿ ಡಬ್ಬಿಯ ಗಾಡಿ ನಿಲ್ಲುವುದೂ ಕಷ್ಟ.

ಬದಲಾಯಿಸುವುದು ಅನಿವಾರ್ಯವಾದರೆ ಮೊದಲು ಪ್ಲಗ್, ಕಾಯಿಲ್ ಮತ್ತು ಆಯಿಲ್ ಖರ್ಚಾಗುವ ಪ್ರಮಾಣ ಪರೀಕ್ಷಿಸಿಕೊಳ್ಳಬೇಕು. ಬಿಚ್ಚಿದ ಹಳೆಯ ಕನ್ವರ್ಟರನ್ನು ಗ್ಯಾರೇಜಿನಲ್ಲೇ ಬಿಟ್ಟು ಬರಬಾರದು. ಅದರೊಳಗಿನ ಲೋಹಗಳಿಗಾಗಿ ಗುಜರಿಯಲ್ಲಿ ಅದಕ್ಕೂ ಬೆಲೆಯಿದೆ.