ಪಂಢರಪುರದ ದಾರಿಯಲ್ಲಿ ಸೂಜಿ: ಮಿರಜದ ಮೂಲಕ ಹೋದ ಯಾತ್ರಿಕರ ಆರೋಗ್ಯ ಚರಿತ್ರೆ

ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಕಡೆಯಿಂದ ಆಷಾಢ ಏಕಾದಶಿಗೆ ಪಂಢರಪುರಕ್ಕೆ ರೈಲಿನಲ್ಲಿ ಹೊರಟವರು ಗಾಡಿ ಬದಲಿಸುತ್ತಿದ್ದ ಊರು ಮಿರಜ. ಬಾರ್ಸಿ ಲೈಟ್ ರೈಲ್ವೆಯ ಎರಡೂವರೆ ಅಡಿ ಅಗಲದ ಹಳಿ 1906ರಲ್ಲಿ ಕುರ್ಡುವಾಡಿಯಿಂದ ಪಂಢರಪುರ ಮುಟ್ಟಿತ್ತು. 1927ರಲ್ಲಿ ಅದು ಸಾಂಗೋಲೆ, ಢಾಲಗಾಂವ, ಕವಠೆ ಮಹಾಂಕಾಳ ಹಾದು ಮಿರಜಕ್ಕೆ ಬಂದು ಸೇರಿತು. ಅದಕ್ಕೂ ಮೊದಲು ಈ ದಾರಿ ಎತ್ತಿನ ಗಾಡಿಯದು, ಇಲ್ಲವೇ ದಿಂಡಿಯ, ಎಂದರೆ ವಾರಕರಿ ಯಾತ್ರಿಕರ ತಂಡದ, ಜೊತೆ ಕಾಲ್ನಡಿಗೆಯದು. ಹೊರಡುವ ಮುನ್ನ ಮೈಗೆ ಏನು ರಕ್ಷಣೆ ಮಾಡಿಕೊಳ್ಳಬೇಕು ಎಂಬ ಪ್ರಶ್ನೆ ಈ ಭಾಗದ ಜನಸಾಮಾನ್ಯರಿಗೆ ಎದುರಾದದ್ದು ಸಮುದ್ರಯಾನದಿಂದಲ್ಲ, ವಿಠ್ಠಲನ ದರ್ಶನದಿಂದ.

ಜಾತ್ರೆ ಮತ್ತು ಕಾಲರಾ ಒಟ್ಟಿಗೇ ಬರುತ್ತಿದ್ದುದಕ್ಕೆ ಕಾರಣ ಋತು ಮತ್ತು ನೀರು. ಆಷಾಢದ ಹೊತ್ತಿಗೆ ಮಳೆ ಹಿಡಿದಿರುತ್ತದೆ. ದಂಡೆಯ ಹೊಲಸೆಲ್ಲ ಕೊಚ್ಚಿ ಭೀಮಾ ನದಿಗೆ, ಪಂಢರಪುರದವರ ಬಾಯಲ್ಲಿ ಚಂದ್ರಭಾಗೆಗೆ, ಇಳಿಯುತ್ತದೆ. ಲಕ್ಷಾಂತರ ಜನ ಅದೇ ನೀರಿನಲ್ಲಿ ಮೀಯುತ್ತಾರೆ, ಅದನ್ನೇ ತೀರ್ಥವೆಂದು ಕುಡಿಯುತ್ತಾರೆ, ತಂಬಿಗೆಯಲ್ಲಿ ತುಂಬಿ ಮನೆಗೂ ಒಯ್ಯುತ್ತಾರೆ. ಸೋಂಕು ತಗುಲಿದ ಕೆಲವು ಗಂಟೆಗಳಿಂದ ಐದು ದಿನಗಳೊಳಗೆ ರೋಗ ಕಾಣಿಸಿಕೊಳ್ಳುವುದರಿಂದ, ಏಕಾದಶಿಯಂದು ಗಟ್ಟಿಮುಟ್ಟಾಗಿದ್ದವನು ದಾರಿಯಲ್ಲೋ ತನ್ನ ಹಳ್ಳಿಯಲ್ಲೋ ಮಲಗಿಬಿಡುತ್ತಿದ್ದ. 1866ರ ಕಾನ್‌ಸ್ಟಾಂಟಿನೋಪಲ್ ಅಂತರರಾಷ್ಟ್ರೀಯ ನೈರ್ಮಲ್ಯ ಸಮ್ಮೇಳನ ಕಾಲರಾ ಹರಡುವುದರಲ್ಲಿ ಭಾರತದ ಯಾತ್ರೆಗಳ ಪಾಲು ದೊಡ್ಡದೆಂದು ಬೊಟ್ಟುಮಾಡಿತು. ಅಲ್ಲಿಂದ ಮುಂದೆ ಯಾತ್ರಿಕನನ್ನು ಸರ್ಕಾರ ಅನುಮಾನದಿಂದಲೇ ನೋಡತೊಡಗಿತು. ಅನುಮಾನ ಪೂರ್ತಿ ಸುಳ್ಳಲ್ಲ. ಆದರೆ ಕುಡಿಯುವ ನೀರಿಗಿಂತ ಅದನ್ನು ಕುಡಿದವನ ಮೇಲೆ ಕಣ್ಣಿಡುವುದು ಸುಲಭ, ಅಗ್ಗ.

ಪ್ರಯಾಣಿಕನ ತೋಳಿಗೆ ಸೂಜಿ ಬಂದದ್ದು ಮೊದಲು ಪ್ಲೇಗಿನ ನೆಪದಲ್ಲಿ. 1896ರಲ್ಲಿ ಮುಂಬಯಿಗೆ ಬಡಿದ ಪ್ಲೇಗು ರೈಲು ದಾರಿ ಹಿಡಿದು ಪುಣೆ, ಬೆಳಗಾವಿ, ಹುಬ್ಬಳ್ಳಿಗೆ ಬಂತು. ಪಟವರ್ಧನ ಮನೆತನ ಆಳುತ್ತಿದ್ದ ಸಾಂಗ್ಲಿ, ಮಿರಜ ಸಂಸ್ಥಾನಗಳನ್ನೂ ಬಿಡಲಿಲ್ಲ. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ ರೈಲು ಪ್ರಯಾಣಿಕರನ್ನು ತಪಾಸಣೆ ಮಾಡುವ, ಶಂಕಿತರನ್ನು ಬೇರೆ ಇರಿಸುವ ಅಧಿಕಾರ ಕೊಟ್ಟಿತು. ಅದು ಬ್ರಿಟಿಷ್ ಪ್ರಾಂತ್ಯದ ಕಾಯ್ದೆ. ಪಟವರ್ಧನರ ಸಂಸ್ಥಾನಗಳೋ ಚೂರುಚೂರಾಗಿ ಹರಡಿದ್ದವು: ಸಾಂಗ್ಲಿಗೆ ಸೇರಿದ ತೇರದಾಳ, ಬೆಳಗಾವಿ ಪಕ್ಕದ ಶಹಾಪುರ, ದೂರದ ಶಿರಹಟ್ಟಿ ಕನ್ನಡ ನೆಲದಲ್ಲಿದ್ದರೆ, ಪಂಢರಪುರಕ್ಕೆ ಹತ್ತಿರದ ಮಂಗಳವೇಢೆಯೂ ಅದೇ ಸಂಸ್ಥಾನದ್ದು. ಶಿರಹಟ್ಟಿಯ ರೈತ ತನ್ನ ರಾಜಧಾನಿಗೆ ಹೋಗಬೇಕಾದರೂ ಆ ಕಾಯ್ದೆ ಇದ್ದ ಪರರ ಸೀಮೆ ದಾಟಬೇಕಿತ್ತು.

ಪ್ಲೇಗಿನ ಲಸಿಕೆ ಮುಂಬಯಿಯ ಗ್ರ್ಯಾಂಟ್ ಮೆಡಿಕಲ್ ಕಾಲೇಜಿನ ಪ್ರಯೋಗಶಾಲೆಯಲ್ಲಿ ಹುಟ್ಟಿತು. ಸೂಕ್ಷ್ಮಾಣು ವಿಜ್ಞಾನಿ ವಾಲ್ಡೆಮಾರ್ ಹಾಫ್‌ಕಿನ್ 1897ರ ಜನವರಿ 10ರಂದು ಅದನ್ನು ಮೊದಲು ತನಗೇ ಚುಚ್ಚಿಕೊಂಡ. ತಯಾರಿಸುವ ಬಗೆಯೇ ವಿಚಿತ್ರ. ದನ, ಹಂದಿಯ ಮಾಂಸವೆಂದರೆ ಜನ ಒಪ್ಪಲಾರರೆಂದು ಆಡಿನ ಮಾಂಸದಿಂದ ಸಾರು ಮಾಡಿ, ಮೇಲೆ ತುಪ್ಪದ ಹನಿ ತೇಲಿಬಿಡುತ್ತಿದ್ದರು. ಆ ಹನಿಗಳಿಗೆ ಅಂಟಿಕೊಂಡ ಪ್ಲೇಗಿನ ಸೂಕ್ಷ್ಮಾಣುಗಳು ಬಿಳಲಿನಂತೆ ಕೆಳಕ್ಕೆ ಇಳಿಯುತ್ತಿದ್ದವು. ಸೀಸೆ ಅಲುಗಿಸಿ ಅವನ್ನು ಉದುರಿಸಿದರೆ ಮತ್ತೆ ಬೆಳೆಯುತ್ತಿದ್ದವು. ವಾರಗಟ್ಟಲೆ ಹೀಗೆ ಬೆಳೆಸಿ, ಬಿಸಿಮಾಡಿ ಕೊಂದು, ಕೆಡದಂತೆ ಕಾರ್ಬಾಲಿಕ್ ಆಮ್ಲ ಬೆರೆಸಿದರೆ ಲಸಿಕೆ ಸಿದ್ಧ. ಚುಚ್ಚಿಸಿಕೊಂಡವರಿಗೆ ತೋಳು ಬಾತು, ಒಂದೆರಡು ದಿನ ಜ್ವರ ಕಾಯುತ್ತಿತ್ತು.

1898ರಲ್ಲಿ ಹುಬ್ಬಳ್ಳಿಯೊಂದರಲ್ಲೇ ಮೂವತ್ತು ಸಾವಿರಕ್ಕೂ ಹೆಚ್ಚು ಮಂದಿ ಈ ಸೂಜಿ ಮಾಡಿಸಿಕೊಂಡರು. ಜೀವಭಯ ಒಂದು ಕಾರಣ, ಸರ್ಟಿಫಿಕೇಟು ಇನ್ನೊಂದು. ಅದು ಕೈಯಲ್ಲಿದ್ದವರಿಗೆ ಪ್ರಯಾಣದ ಮತ್ತು ಪ್ರತ್ಯೇಕ ವಾಸದ ನಿಯಮಗಳಲ್ಲಿ ರಿಯಾಯಿತಿ ಸಿಗುತ್ತಿತ್ತು. ಪ್ಲೇಗಿಗಿಂತ ತಪಾಸಣೆಯ ಕಾಟಕ್ಕೇ ಹೆಚ್ಚು ಹೆದರಿದ್ದವರಿಗೆ ಕಾಗದವೇ ಔಷಧವಾಯಿತು. 1902ರಲ್ಲಿ ಪಂಜಾಬಿನ ಮುಲ್ಕೋವಾಲದಲ್ಲಿ ಒಂದೇ ಸೀಸೆಯಿಂದ ಚುಚ್ಚಿಸಿಕೊಂಡ 19 ಜನ ಧನುರ್ವಾಯುವಿನಿಂದ ಸತ್ತರು. ಲಸಿಕೆಯಲ್ಲೇ ದೋಷವಿತ್ತೆಂದು ಹಾಫ್‌ಕಿನ್ನನ ಮೇಲೆ ಬಂದ ಆರೋಪ ತೊಡೆದುಹೋಗುವಷ್ಟರಲ್ಲಿ 1907 ಬಂದಿತ್ತು.

ಮಿರಜದಲ್ಲಿ ಪ್ಲೇಗಿಗೆ ಮೊದಲೇ ದೊಡ್ಡ ದವಾಖಾನೆ ಎದ್ದಿತ್ತು. ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನ್ನಿನ ಡಾಕ್ಟರ್ ವಿಲಿಯಂ ವಾನ್ಲೆಸ್ 1889ರಲ್ಲಿ ಭಾರತಕ್ಕೆ ಬಂದು ಸಾಂಗ್ಲಿಯಲ್ಲಿ ಕೆಲಸ ಆರಂಭಿಸಿದರು; ಮಿರಜದ ಆಸ್ಪತ್ರೆ ತೆರೆದದ್ದು 1894ರಲ್ಲಿ. ರೈಲು ಜಂಕ್ಷನ್ ಇದ್ದುದರಿಂದ ಕನ್ನಡ ಸೀಮೆಯ ರೋಗಿಗಳೂ ಇಲ್ಲಿಗೇ ಬಂದರು. ಜಡ್ಡು ಜಾಪತ್ತಿಗೆ ಮಿರಜಕ್ಕೆ ಹೋಗುವುದು ಅಥಣಿ, ಚಿಕ್ಕೋಡಿಯ ಕಡೆ ಇಂದಿಗೂ ರೂಢಿ.

ಕಾಲರಾ ಲಸಿಕೆ ಪ್ಲೇಗಿನದಕ್ಕಿಂತ ಹಳೆಯದು. 1893ರಲ್ಲಿ ಭಾರತಕ್ಕೆ ಬಂದ ಹಾಫ್‌ಕಿನ್ ಕಲಕತ್ತೆಯ ಬಸ್ತಿಗಳಲ್ಲಿ ಅದನ್ನು ಪ್ರಯೋಗಿಸಿದ್ದ. ಆದರೆ ಯಾತ್ರಿಕರಿಗೆ ಅದು ಕಡ್ಡಾಯವಾದದ್ದು ಬಹಳ ತಡವಾಗಿ, ಇಪ್ಪತ್ತನೆಯ ಶತಮಾನದ ನಡುವಣ ದಶಕಗಳಲ್ಲಿ. ಪಂಢರಪುರದ ಜಾತ್ರೆಗೆ ಹೊರಟವರು ‘ಇನಾಕ್ಯುಲೇಷನ್’ ಆದ ಚೀಟಿ ತೋರಿಸಬೇಕಿತ್ತು. ಇಲ್ಲದವರಿಗೆ ದಾರಿಯ ಸ್ಟೇಷನ್ನು, ನಾಕಾಗಳಲ್ಲೇ ಚುಚ್ಚುತ್ತಿದ್ದರು. ಕುದಿಸಿದ ಗಾಜಿನ ಸಿರಿಂಜು, ಒಬ್ಬರಾದ ಮೇಲೆ ಒಬ್ಬರಿಗೆ ಬಳಕೆಯಾಗಿ ಮೊಂಡಾದ ಸೂಜಿ, ಮೇಲೆತ್ತಿದ ತೋಳುಗಳ ಸಾಲು.

ಈ ಏರ್ಪಾಟಿನ ದೌರ್ಬಲ್ಯ ಲೆಕ್ಕದಲ್ಲೇ ಇತ್ತು. ಸೂಜಿ ಚುಚ್ಚಿ ಆರು ದಿನ ಕಳೆದ ಮೇಲಷ್ಟೇ ಕಾಲರಾ ಸರ್ಟಿಫಿಕೇಟು ಊರ್ಜಿತವೆಂದು ಅಂತರರಾಷ್ಟ್ರೀಯ ನಿಯಮ ಹೇಳುತ್ತಿತ್ತು. ಅವಧಿ ಆರು ತಿಂಗಳು. ಮಿರಜದಿಂದ ಪಂಢರಪುರ ನೂರ ಮೂವತ್ತು ಕಿಲೋಮೀಟರಿಗೆ ತುಸು ಹೆಚ್ಚು, ಸಣ್ಣ ಗಾಡಿಗೂ ಒಂದು ದಿನದೊಳಗಿನ ದಾರಿ. ಪ್ಲಾಟ್‌ಫಾರ್ಮಿನಲ್ಲಿ ಚುಚ್ಚಿಸಿಕೊಂಡವನು ನದಿಯಲ್ಲಿ ಮುಳುಗುವ ಹೊತ್ತಿಗೆ ಅವನ ಬಳಿ ಇದ್ದದ್ದು ನೋಯುವ ತೋಳು ಮಾತ್ರ. ವಾರ ಮೊದಲೇ ಊರಿನಲ್ಲಿ ಹಾಕಿಸಿಕೊಂಡವನಿಗೂ ಆ ಕಾಲದ ಲಸಿಕೆಯ ರಕ್ಷಣೆ ಅರೆಬರೆ, ಅದೂ ಕೆಲವೇ ತಿಂಗಳು. ಲಸಿಕೆ ಪಡೆದವನ ಕರುಳಿನಲ್ಲಿ ರೋಗಾಣು ಇರುವುದನ್ನೂ ಹರಡುವುದನ್ನೂ ಅದು ತಡೆಯುತ್ತಿರಲಿಲ್ಲ. ಜ್ವರದ ಭಯಕ್ಕೆ ಸೂಜಿ ತಪ್ಪಿಸಿದವರನ್ನು ಮೂಢರೆಂದು ಬೈದದ್ದುಂಟು; ಹತ್ತಾರು ಹರದಾರಿ ನಡೆಯಬೇಕಾದ ವಾರಕರಿಗಳಿಗೆ ಎರಡು ದಿನದ ಜ್ವರ ಸಣ್ಣ ಮಾತಲ್ಲ.

1973ರಲ್ಲಿ ವಿಶ್ವ ಆರೋಗ್ಯ ಸಭೆ ಕಾಲರಾ ಸರ್ಟಿಫಿಕೇಟಿನ ನಿಯಮವನ್ನೇ ಕೈಬಿಟ್ಟಿತು. ಅದಕ್ಕೆ ಎರಡು ವರ್ಷ ಮುಂಚೆ, 1971ರಲ್ಲಿ, ಬಾಂಗ್ಲಾದೇಶದ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಡಾಕ್ಟರ್ ದಿಲೀಪ್ ಮಹಾಲನಬಿಸ್ ಸಕ್ಕರೆ, ಉಪ್ಪು ಬೆರೆಸಿದ ನೀರು ಕುಡಿಸಿ ಕಾಲರಾ ರೋಗಿಗಳನ್ನು ಉಳಿಸಿ ತೋರಿಸಿದ್ದರು. ಯಾತ್ರಿಕರ ಮಟ್ಟಿಗೆ ನಲ್ಲಿ ನೀರು, ಕ್ಲೋರಿನ್, ಸಂಡಾಸುಗಳು ಮಾಡಿದ ಉಪಕಾರದ ಮುಂದೆ ಆ ಹಳೆಯ ಸೂಜಿಯದು ಬಲು ಚಿಕ್ಕದು. ಮಿರಜ–ಪಂಢರಪುರ ಸಣ್ಣ ಹಳಿ 2010ರಲ್ಲಿ ಬ್ರಾಡ್‌ಗೇಜ್ ಆಯಿತು.

ಗಡಿ ದಾಟುವ ಪ್ರಯಾಣಿಕರಿಗೆ ಲಸಿಕೆಯ ನಿಯಮಗಳು ಇಂದಿಗೂ ಇವೆ, ಅವುಗಳ ಗುರಿ ಮಾತ್ರ ಬೇರೆ. ಹಜ್‌ಗೆ ಹೊರಟವರು ಮೆನಿಂಜೈಟಿಸ್ ಲಸಿಕೆ ಹಾಕಿಸಿಕೊಂಡಿರಬೇಕು. ಆಫ್ರಿಕಾ, ದಕ್ಷಿಣ ಅಮೆರಿಕದ ಬಂದರುಗಳಿಗೆ ಹಡಗಿನಲ್ಲಿ ಹೋಗುವವರಿಗೆ ಹಳದಿ ಜ್ವರದ ಸರ್ಟಿಫಿಕೇಟು ಬೇಕಾಗಬಹುದು. 2016ರಿಂದ ಅದು ಜೀವನಪರ್ಯಂತ ಊರ್ಜಿತ. ಆ ಜ್ವರವಿರುವ ದೇಶದಿಂದ ಸರ್ಟಿಫಿಕೇಟಿಲ್ಲದೆ ಮರಳಿದವರನ್ನು ಭಾರತದಲ್ಲಿ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಈ ಸರ್ಟಿಫಿಕೇಟೂ ಚುಚ್ಚಿಸಿಕೊಂಡು ಹತ್ತು ದಿನ ಕಳೆದ ಮೇಲಷ್ಟೇ ಊರ್ಜಿತವಾಗುವುದರಿಂದ, ಹೊರಡುವ ದಿನ ಬಂದರಿನಲ್ಲಿ ಹಾಕಿಸಿಕೊಂಡರೆ ನಡೆಯುವುದಿಲ್ಲ.