ಧಾತು–ಈಶ್ವರದ ಬರ: ಸಂತೆಯಲ್ಲಿ ಧಾನ್ಯ, ಕೈಯಲ್ಲಿ ಕಾಸಿಲ್ಲ

ವ್ಯಾಪಾರದಲ್ಲಿ ಸರ್ಕಾರ ಕೈ ಹಾಕಬೇಕೇ, ಬೇಡವೇ? ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಈ ಪ್ರಶ್ನೆಗೆ ಐದು ಅಂಕದ ಉತ್ತರ ಬರೆಯುತ್ತಾರೆ. ಒಂದು ಪುಟದಲ್ಲಿ ಆಡಂ ಸ್ಮಿತ್, ಇನ್ನೊಂದು ಪುಟದಲ್ಲಿ ಕೇನ್ಸ್, ಕೊನೆಗೆ ಮಿಶ್ರ ಆರ್ಥಿಕತೆ. ಆದರೆ ನಮ್ಮದೇ ನೆಲದಲ್ಲಿ ಒಂದು ಕಾಲಕ್ಕೆ ಈ ಪ್ರಶ್ನೆಯ ಉತ್ತರದ ಮೇಲೆ ಲಕ್ಷಾಂತರ ಜನರ ಜೀವ ನಿಂತಿತ್ತು. 1876ರಿಂದ 1878ರವರೆಗಿನ ಆ ಮಹಾಕ್ಷಾಮವನ್ನು ಹಳೆಯ ಮೈಸೂರು ಸೀಮೆಯ ಹಿರಿಯರು ಸಂವತ್ಸರಗಳ ಹೆಸರಿನಿಂದಲೇ ನೆನೆಯುತ್ತಿದ್ದರು: ಧಾತು–ಈಶ್ವರದ ಬರ.

ಆಗ ಮೈಸೂರು ಅರಸರ ಕೈಯಲ್ಲಿರಲಿಲ್ಲ. 1831ರಿಂದಲೂ ಬ್ರಿಟಿಷ್ ಕಮಿಷನರುಗಳ ಆಡಳಿತವಿತ್ತು. 1875ರಲ್ಲಿ ಮಳೆ ಕಡಿಮೆಯಾಯಿತು, 1876ರಲ್ಲಿ ಪೂರ್ತಿ ಕೈಕೊಟ್ಟಿತು. ನಮ್ಮ ರೈತರಿಗೆ ಬರ ಹೊಸದಲ್ಲ. ರಾಗಿಯನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿ ಮುಚ್ಚಿಟ್ಟರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಒಂದು ವರ್ಷದ ಬರವನ್ನು ಹಗೇವು ತಡೆಯುತ್ತಿತ್ತು. ಆದರೆ ಈ ಸಲ ಒಂದರ ಮೇಲೊಂದು ಬೆಳೆ ಹೋಗಿ ಹಗೇವುಗಳು ಬರಿದಾದವು. ಮದರಾಸು ಪ್ರಾಂತ್ಯದ ಬಳ್ಳಾರಿ, ಮುಂಬಯಿ ಪ್ರಾಂತ್ಯದ ಧಾರವಾಡ, ಕಲಾದಗಿ ಜಿಲ್ಲೆಗಳಲ್ಲೂ ಇದೇ ಸ್ಥಿತಿ.

ಧಾನ್ಯ ಎಲ್ಲೂ ಇರಲಿಲ್ಲವೇ ಎಂದರೆ, ಇತ್ತು. ಬಂಗಾಳದಿಂದ, ಬರ್ಮಾದಿಂದ ಖಾಸಗಿ ವರ್ತಕರು ಹಡಗುಗಟ್ಟಲೆ ಅಕ್ಕಿಯನ್ನು ಮದರಾಸಿಗೆ ತರಿಸಿದರು. ಬೆಂಗಳೂರಿಗೆ 1864ರಲ್ಲೇ ರೈಲು ಬಂದಿತ್ತು, ಬಳ್ಳಾರಿ ಸೀಮೆಗೂ ರೈಲು ತಲುಪಿತ್ತು. ಅದೇ ಹೊತ್ತಿಗೆ ಉತ್ತರ ಭಾರತದ ಗೋಧಿ ಇಂಗ್ಲೆಂಡಿಗೆ ಹೋಗುತ್ತಿತ್ತು. 1877–78ರಲ್ಲಿ ಹಾಗೆ ಹೋದದ್ದು 3 ಲಕ್ಷ ಟನ್ನಿಗೂ ಹೆಚ್ಚು. ಬೆಂಗಳೂರಿನ ನಿಲ್ದಾಣದಲ್ಲಿ ಮೂಟೆ ಇಳಿದರೂ ಅಲ್ಲಿಂದಾಚೆ ಹಳ್ಳಿಗೆ ಸಾಗಿಸಬೇಕಾದದ್ದು ಎತ್ತಿನ ಗಾಡಿ. ಮೇವು ನೀರಿಲ್ಲದೆ ಎತ್ತುಗಳೇ ಸಾಯುತ್ತಿದ್ದವು. ಎಲ್ಲಕ್ಕಿಂತ ಮುಖ್ಯವಾಗಿ, ಹಳ್ಳಿಯ ಕೂಲಿಯವನ ಕೈಯಲ್ಲಿ ಕಾಸಿರಲಿಲ್ಲ. ಬೆಳೆಯಿಲ್ಲದ ಮೇಲೆ ಕಳೆ ಕೀಳುವ, ಕೊಯ್ಯುವ ಕೂಲಿಯೂ ಇಲ್ಲ. ಹೊಟ್ಟೆಗೇ ಇಲ್ಲದಿರುವಾಗ ಬಟ್ಟೆ ಕೊಳ್ಳುವವರಾರು? ನೇಕಾರನ ಮಗ್ಗವೂ ನಿಂತಿತು.

ಮಾರುಕಟ್ಟೆಯ ನಿಯಮ ಸುಳ್ಳಾಗಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಬೆಲೆ ಏರಿದ ಕಡೆಗೆ ಧಾನ್ಯ ಹರಿಯಿತು. ಆದರೆ ಅದು ಹರಿದದ್ದು ಕೊಳ್ಳಬಲ್ಲವನ ಕಡೆಗೆ, ಹಸಿದವನ ಕಡೆಗಲ್ಲ.

ಸರ್ಕಾರ ಏನು ಮಾಡುತ್ತಿತ್ತು? ವೈಸ್‌ರಾಯ್ ಲಾರ್ಡ್ ಲಿಟ್ಟನ್ 1877ರ ಜನವರಿ 1ರಂದು ದೆಹಲಿಯಲ್ಲಿ ದರ್ಬಾರು ನಡೆಸಿ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿ ಎಂದು ಘೋಷಿಸಿದ. ಧಾನ್ಯದ ಬೆಲೆ ಇಳಿಸುವ ಉದ್ದೇಶದಿಂದ ಸರ್ಕಾರ ಯಾವ ರೀತಿಯಲ್ಲೂ ಕೈ ಹಾಕಕೂಡದು ಎಂಬುದು ಅವನ ಖಚಿತ ನಿಲುವು. ಇದು ಬರೀ ಒಬ್ಬನ ಕ್ರೌರ್ಯವೆಂದು ತಿಳಿದರೆ ಚರಿತ್ರೆ ಅರ್ಥವಾಗುವುದಿಲ್ಲ. ಅಭಾವವನ್ನು ಕ್ಷಾಮವಾಗಿ ಮಾಡುವುದು ಸರ್ಕಾರದ ಬಲವಂತದ ಕ್ರಮಗಳೇ ಎಂದು ಆಡಂ ಸ್ಮಿತ್ 1776ರ ತನ್ನ ಗ್ರಂಥದಲ್ಲಿ ವಾದಿಸಿದ್ದ. ಕಂಪನಿಯ ನೌಕರರನ್ನು ತರಬೇತು ಮಾಡುತ್ತಿದ್ದ ಹೇಲಿಬರಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿದವನು ಮಾಲ್ತಸ್. ಮೂರು ತಲೆಮಾರಿನ ಅಧಿಕಾರಿಗಳಿಗೆ ಇದು ಪ್ರಶ್ನಿಸಬಾರದ ಸತ್ಯವಾಗಿತ್ತು. ಅಂದಹಾಗೆ, 1866ರಲ್ಲಿ ಒರಿಸ್ಸಾದಲ್ಲಿ ಇದೇ ನಂಬಿಕೆಯಿಂದ ಹೊರಗಿನ ಅಕ್ಕಿ ತರಿಸಲು ತಡಮಾಡಿ, ಸುಮಾರು 10 ಲಕ್ಷ ಜನ ಸತ್ತಿದ್ದರು. ಹತ್ತೇ ವರ್ಷ ಕಳೆದಿತ್ತು, ಮರೆತರು.

ಮದರಾಸಿನ ಗವರ್ನರ್ ಡ್ಯೂಕ್ ಆಫ್ ಬಕಿಂಗ್‌ಹ್ಯಾಮ್ ಮರೆತಿರಲಿಲ್ಲ. ಒಂದು ವ್ಯಾಪಾರಿ ಸಂಸ್ಥೆಯ ಮೂಲಕ ಗುಟ್ಟಾಗಿ ಸುಮಾರು 30,000 ಟನ್ ಧಾನ್ಯ ಕೊಂಡ. ಸರ್ಕಾರವೇ ಕೊಳ್ಳಲು ಇಳಿದರೆ ವರ್ತಕರು ಹಿಂಜರಿಯುತ್ತಾರೆಂದು ಮೇಲಿನವರು ಅವನನ್ನು ತರಾಟೆಗೆ ತೆಗೆದುಕೊಂಡರು. ಖರ್ಚಿಗೆ ಕಡಿವಾಣ ಹಾಕಲು ಸರ್ ರಿಚರ್ಡ್ ಟೆಂಪಲ್‌ನನ್ನು ಕಳುಹಿಸಿದರು.

ಈ ಟೆಂಪಲ್‌ನ ಕಥೆಯೇ ನನಗೆ ಹೆಚ್ಚು ಕಾಡುವುದು. 1873–74ರ ಬಿಹಾರದ ಬರದಲ್ಲಿ ಬರ್ಮಾದಿಂದ ಸರ್ಕಾರದ ಹಣದಲ್ಲೇ ಸುಮಾರು ಐದು ಲಕ್ಷ ಟನ್ ಅಕ್ಕಿ ತರಿಸಿ ಜನರನ್ನು ಉಳಿಸಿದ್ದವನು ಇವನೇ. ಅಲ್ಲಿ ಸತ್ತವರು ಅತಿ ಕಡಿಮೆ. ಅದಕ್ಕೆ ಅವನಿಗೆ ಸಿಕ್ಕಿದ್ದು ಶಹಭಾಸ್‌ಗಿರಿಯಲ್ಲ, ದುಂದುಗಾರನೆಂಬ ಬೈಗುಳ. ಮೂರು ವರ್ಷದ ನಂತರ ದಕ್ಷಿಣಕ್ಕೆ ಬಂದಾಗ ಅವನು ಪಾಠ ಕಲಿತವನಾಗಿದ್ದ. ಎಂಥ ಪಾಠ! ಪರಿಹಾರ ಕಾಮಗಾರಿಯಲ್ಲಿ ದಿನವಿಡೀ ಮಣ್ಣು ಹೊರುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯದ ಬೆಲೆ ಮತ್ತು ಒಂದಿಷ್ಟು ಚಿಲ್ಲರೆ ಕಾಸು ಸಾಕೆಂದು ನಿಗದಿ ಮಾಡಿದ. ಒಂದು ಪೌಂಡ್ ಎಂದರೆ ಅರ್ಧ ಕಿಲೋಗೂ ಕಡಿಮೆ. ಮದರಾಸಿನ ಸ್ಯಾನಿಟರಿ ಕಮಿಷನರ್ ಡಾಕ್ಟರ್ ಕಾರ್ನಿಶ್ ಇದನ್ನು ಬಲವಾಗಿ ವಿರೋಧಿಸಿದರು. ಜೈಲಿನ ಕೈದಿಗೆ ಇದಕ್ಕಿಂತ ಹೆಚ್ಚು ಊಟ ಸಿಗುತ್ತದೆ ಎಂದು ತೋರಿಸಿಕೊಟ್ಟರು. ಮುಂಬಯಿ ಪ್ರಾಂತ್ಯದಲ್ಲಿ ಕೂಲಿಕಾರರೇ ಕೆಲಸ ಬಿಟ್ಟು ನಡೆದರು, ಪುಣೆಯ ಸಾರ್ವಜನಿಕ ಸಭೆ ಅವರ ಪರ ನಿಂತಿತು. ಮದರಾಸಿನಲ್ಲಿ 1877ರ ಮೇ ಹೊತ್ತಿಗೆ ಕೂಲಿ ಏರಿಸಲಾಯಿತು. ಅಷ್ಟರಲ್ಲಿ ಸಾಯುವವರು ಸತ್ತಿದ್ದರು.

ಹಾಗಾದರೆ ಸರ್ಕಾರವೇ ಎಲ್ಲ ವ್ಯಾಪಾರವನ್ನೂ ವಹಿಸಿಕೊಂಡಿದ್ದರೆ ಸರಿಹೋಗುತ್ತಿತ್ತೇ? ಅಷ್ಟು ಸುಲಭವಲ್ಲ. ವರ್ತಕರು ತರಿಸಿದ ಧಾನ್ಯದ ಮುಂದೆ ಡ್ಯೂಕನ 30,000 ಟನ್ ಬಹಳ ಸಣ್ಣದು. ವರ್ತಕರ ಅಂಗಡಿ ಮುಚ್ಚಿಸಿದ್ದರೆ ಸಾವು ಇನ್ನೂ ಹೆಚ್ಚುತ್ತಿತ್ತು. 1880ರ ಕ್ಷಾಮ ಆಯೋಗವೂ ಖಾಸಗಿ ವ್ಯಾಪಾರಕ್ಕೆ ಅಡ್ಡಿ ಮಾಡಬಾರದೆಂದೇ ಹೇಳಿತು. ಆದರೆ ಕ್ಷಾಮ ಬಂದಾಗ ಕೆಲಸ ಕೊಟ್ಟು ಕೂಲಿ ಕೊಡುವುದು, ಕೆಲಸ ಮಾಡಲಾರದವರಿಗೆ ಪುಕ್ಕಟೆ ನೆರವು ನೀಡುವುದು ಸರ್ಕಾರದ ಹೊಣೆ ಎಂದು ಒಪ್ಪಿತು. 1883ರ ಕ್ಷಾಮ ಸಂಹಿತೆ ಬಂದದ್ದು ಹೀಗೆ. ಜನರ ಕೈಗೆ ಕಾಸು ಬಂದರೆ ಧಾನ್ಯವನ್ನು ವರ್ತಕನೇ ತರುತ್ತಾನೆ ಎಂಬುದು ಅದರ ಲೆಕ್ಕ. ಅಮರ್ತ್ಯ ಸೇನ್ 1981ರ ತಮ್ಮ ಪುಸ್ತಕದಲ್ಲಿ ಧಾನ್ಯದ ಅಭಾವಕ್ಕಿಂತ ಕೊಳ್ಳುವ ಶಕ್ತಿಯ ಅಭಾವ ಎಷ್ಟು ಮುಖ್ಯವೆಂದು ವಿವರಿಸಿದಾಗ ಈ ಹಳೆಯ ಅನುಭವಕ್ಕೆ ಶಾಸ್ತ್ರದ ರೂಪ ಸಿಕ್ಕಿತು.

ಸರ್ಕಾರದ ಕೈಯೂ ಕೊಲ್ಲಬಲ್ಲದು. 1942ರಲ್ಲಿ ಬಂಗಾಳದಲ್ಲಿ ಜಪಾನೀಯರಿಗೆ ಸಿಗಬಾರದೆಂದು ದೋಣಿಗಳನ್ನು, ಅಕ್ಕಿಯನ್ನು ಸರ್ಕಾರವೇ ಕಿತ್ತುಕೊಂಡಿತು. ಪ್ರಾಂತ್ಯ ಪ್ರಾಂತ್ಯಗಳ ನಡುವೆ ಧಾನ್ಯ ಸಾಗಾಟಕ್ಕೆ ತಡೆ ಬಿತ್ತು. ಕಲ್ಕತ್ತೆಯ ಕಾರ್ಖಾನೆಗಳಿಗೆ ಮೊದಲು ಅಕ್ಕಿ ಎಂದಾಯಿತು. ಹಳ್ಳಿಗಳು ಸತ್ತವು. ಆದುದರಿಂದ ಸರ್ಕಾರ ಕೈ ಹಾಕಿತೋ ಇಲ್ಲವೋ ಎಂಬ ಪ್ರಶ್ನೆ ಅರ್ಧ ಪ್ರಶ್ನೆ ಮಾತ್ರ. ಯಾರಿಗಾಗಿ ಕೈ ಹಾಕಿತು ಎಂದು ವಿದ್ಯಾರ್ಥಿಗಳು ಕೇಳಬೇಕೆಂದು ನನ್ನ ಅಭಿಪ್ರಾಯ.

ಮತ್ತೆ ಮೈಸೂರಿಗೆ ಬರೋಣ. 1877ರ ಉತ್ತರಾರ್ಧದಲ್ಲಿ ಲಿಟ್ಟನ್ ಸ್ವತಃ ದಕ್ಷಿಣಕ್ಕೆ ಬಂದ ಮೇಲೆ ಸಿ. ಎ. ಎಲಿಯಟ್ ಎಂಬ ಅಧಿಕಾರಿಯನ್ನು ಮೈಸೂರಿನ ಕ್ಷಾಮ ಕಮಿಷನರನನ್ನಾಗಿ ನೇಮಿಸಿ ಪರಿಹಾರವನ್ನು ಹೊಸದಾಗಿ ಸಂಘಟಿಸಿದರು. ಬೆಂಗಳೂರು–ಮೈಸೂರು ರೈಲು ಮಾರ್ಗದ ಮಣ್ಣಿನ ಕೆಲಸವೂ ಆ ಕಾಲದ ಬರ ಕಾಮಗಾರಿಗಳಲ್ಲಿ ಒಂದು. ಇಂದು ಆ ಮಾರ್ಗದಲ್ಲಿ ಓಡಾಡುವ ನಮ್ಮ ಹುಡುಗರಿಗೆ ಯಾರೂ ಇದನ್ನು ಹೇಳುವುದಿಲ್ಲ. 1871ರ ಜನಗಣತಿಯಲ್ಲಿ ಸಂಸ್ಥಾನದಲ್ಲಿದ್ದವರು 50,55,412. ಹತ್ತು ವರ್ಷ ಕಳೆದು, ಹೆಚ್ಚಬೇಕಾಗಿದ್ದ ಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿದಿತ್ತು. ಅದೇ 1881ರಲ್ಲಿ ರಾಜ್ಯವನ್ನು ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿಸಲಾಯಿತು. ದಿವಾನ್ ರಂಗಾಚಾರ್ಲು ಅವರು ಲೆಕ್ಕಪತ್ರ ತೆರೆದಾಗ ಅದರಲ್ಲಿ ಭಾರತ ಸರ್ಕಾರಕ್ಕೆ ತೀರಿಸಬೇಕಾದ ಬರದ ಸಾಲವೂ ಇತ್ತು, 80 ಲಕ್ಷ ರೂಪಾಯಿ.