ದುಬಾರಿಯಾದ ಮನರಂಜನಾ ಉದ್ಯಾನ: ಕರಾವಳಿಯವರ ಲೆಕ್ಕ

ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳಲ್ಲಿ ದೊಡ್ಡ ಮನರಂಜನಾ ಉದ್ಯಾನವಿಲ್ಲ. ದಕ್ಷಿಣಕ್ಕೆ ಹೋದರೆ ಮಂಗಳೂರಿನ ಪಿಲಿಕುಳದಲ್ಲಿ ಮಾನಸ ಜಲೋದ್ಯಾನವಿದೆ. ಮಕ್ಕಳು ಹಟ ಹಿಡಿಯುವುದು ಮಾತ್ರ ಬಿಡದಿಯ ವಂಡರ್‌ಲಾಕ್ಕೆ.

2005ರಲ್ಲಿ ಆರಂಭಗೊಂಡ ಈ ಉದ್ಯಾನದ ಟಿಕೆಟ್ ಅಂದು ನೂರರ ಲೆಕ್ಕದಲ್ಲಿತ್ತು. ಇಂದು ಸಾವಿರ ದಾಟಿದೆ. ಇದರಲ್ಲಿ ತೆರಿಗೆಯ ಪಾಲೂ ಉಂಟು. 2017ರ ಜುಲೈನಲ್ಲಿ ಜಿಎಸ್‌ಟಿ ಜಾರಿಯಾದಾಗ ಇಂತಹ ಉದ್ಯಾನಗಳ ಪ್ರವೇಶಕ್ಕೆ ಶೇ 28ರಷ್ಟು ತೆರಿಗೆ ಬಿದ್ದಿತು; 2018ರ ಜನವರಿಯಲ್ಲಿ ಅದನ್ನು ಶೇ 18ಕ್ಕೆ ಇಳಿಸಲಾಯಿತು. ರಜಾದಿನಗಳಲ್ಲಿ ದರ ಇನ್ನೂ ಹೆಚ್ಚು. ಮಕ್ಕಳ ರಿಯಾಯಿತಿ ವಯಸ್ಸಿಗಲ್ಲ, ಎತ್ತರಕ್ಕೆ. ಉದ್ದ ಬೆಳೆದ ಹತ್ತು ವರ್ಷದ ಬಾಲಕನಿಗೂ ಪೂರ್ಣ ದರವೇ!

ಆದರೆ ಕರಾವಳಿಯ ಕುಟುಂಬಕ್ಕೆ ಟಿಕೆಟ್ಟಿಗಿಂತ ಭಾರವಾಗುವುದು ರಾತ್ರಿಯಿಡೀ ಪ್ರಯಾಣ, ವಸತಿ, ಊಟದ ಖರ್ಚು. ಒಂದು ಟಿಕೆಟ್ಟಿನಲ್ಲಿ ದಿನವಿಡೀ ಆಟವಾಡಬಹುದಾದರೂ ಅನೇಕ ಆಟಗಳಿಗೆ ಎತ್ತರದ ಮಿತಿಯಿದೆ. ಹೀಗಾಗಿ ಪುಟ್ಟ ಮಕ್ಕಳೂ ಅಜ್ಜ-ಅಜ್ಜಿಯರೂ ನೋಡುತ್ತ ಕೂರಬೇಕಾಗುತ್ತದೆ. ಪ್ರೌಢಶಾಲೆ, ಕಾಲೇಜಿನ ಮಕ್ಕಳು ವಾರದ ನಡುವೆ ಬೆಳಿಗ್ಗೆಯೇ ಒಳಹೊಕ್ಕರೆ ಕೊಟ್ಟ ಹಣ ವಸೂಲಾದೀತು.

ಪುಕ್ಕಟೆ ಕಡಲಿರುವಾಗ ಕೃತಕ ಅಲೆಗೆ ಸಾವಿರ ರೂಪಾಯಿ ಏಕೆ ಎಂದು ಕೇಳುವವರುಂಟು. 2024ರ ಡಿಸೆಂಬರ್ 10ರಂದು ಭಟ್ಕಳ ತಾಲ್ಲೂಕಿನ ಮುರ್ಡೇಶ್ವರಕ್ಕೆ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಸಮುದ್ರಪಾಲಾದರು. ಬಳಿಕ ಕಡಲತೀರಕ್ಕೆ ಪ್ರವಾಸಿಗರ ಪ್ರವೇಶವನ್ನು ಕೆಲಕಾಲ ನಿರ್ಬಂಧಿಸಲಾಗಿತ್ತು. ಆಳ ಗೊತ್ತಿರುವ ಕೊಳ, ದಡದಲ್ಲಿ ಕಾವಲಿರುವ ಜೀವರಕ್ಷಕ: ಟಿಕೆಟ್ ಹಣದ ಒಂದು ಪಾಲು ಸಲ್ಲುವುದು ಇವಕ್ಕೇ.